ಧೋತಿಯ ಮೇಲೆ ಉಗುಳಿದ ಔಷಧ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಕೊಲ್ಕತ್ತಾದ ಗರಿಯಾಹಾಟ್ ಹತ್ತಿರ ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ಅಂತಸ್ತಿನ ಹಜಾರ. ಬೀದಿಯ ಕಡೆಗೆ ತೆರೆಯುವ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದೆ. ಎಡಗೈಯಲ್ಲಿ ತೆಂಗಿನಕಾಯಿ ಉಂಡೆಗಳ ತಟ್ಟೆ. ವಿಜಯದಶಮಿ ಕಳೆದು ಮೂರನೆಯ ದಿನದ ಸಂಜೆ; ಬೀದಿದೀಪ ಇನ್ನೂ ಹತ್ತಿರಲಿಲ್ಲ, ಕೋಣೆಯೊಳಗೆ ಎಲ್ಲರ ಮುಖವೂ ಚೆನ್ನಾಗಿ ಕಾಣುತ್ತಿತ್ತು. ನಾನು ಹೇಳಹೊರಟಿರುವವರಿಗೂ ನನಗೂ ನಡುವೆ ಒಂದು ಬೆತ್ತದ ಕುರ್ಚಿ ಇತ್ತು. ಅದರಲ್ಲಿ ಯಾರೂ ಕೂತಿರಲಿಲ್ಲ. ಆದ್ದರಿಂದ ನಾನು ಕಂಡಿದ್ದಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಅವರು ಆಫೀಸಿನಲ್ಲಿ ನನ್ನ ಹಿರಿಯ ಸಹೋದ್ಯೋಗಿ, ಅದೇ ಮನೆಯ ಮೇಲಂತಸ್ತಿನವರು; ಹೋದ ತಿಂಗಳು ತೀರಿಕೊಂಡರು. ಬೆಳಿಗ್ಗೆ ಷೂ ಹಾಕಿಕೊಳ್ಳಲು ಬಗ್ಗಿದವರು ಮತ್ತೆ ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಸೆಕ್ಟರ್ ಫೈವ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ಒಂದು ಸಂತಾಪ ಸಭೆ ನಡೆಯಿತು. ಅಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು, ಕೆಟ್ಟ ಮನುಷ್ಯರೇನಲ್ಲ, ಕಣ್ಣು ಒರೆಸಿಕೊಂಡು ಹೇಳಿದರು: “ಪಾಪ, ಅಷ್ಟು ಕಷ್ಟಪಟ್ಟು ಕುಡಿತ ಬಿಟ್ಟಿದ್ದರು. ಮತ್ತೆ ಶುರು ಮಾಡಿಕೊಂಡಿದ್ದರು. ಒಂದು ಬಿಜೋಯಾ ಹಬ್ಬದ ದಿನ ನಾನೇ ಕಣ್ಣಾರೆ ನೋಡಿದ್ದೇನೆ.” ಮುಂದಿನ ಸಾಲಿನಲ್ಲಿ ತೀರಿಕೊಂಡವರ ಹೆಂಡತಿ ಗಿರಿಜಕ್ಕ ಕೂತಿದ್ದರು. ಅವರು ಆ ಸಹೋದ್ಯೋಗಿಯನ್ನು ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದರು.

ಅಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಕಂಡಿದ್ದನ್ನು ಕಂಡ ಹಾಗೆ ಬರೆದಿಡಬೇಕು ಎನ್ನಿಸಿದೆ. ಆದರೆ ಆ ಸಂಜೆ ಅವರು ಮಾಡಿದ್ದು, ಅವರು ಎಂಥವರೆಂದು ತಿಳಿಯದವರಿಗೆ ಹುಚ್ಚಿನ ಹಾಗೆ ಕಾಣುತ್ತದೆ. ತಿಳಿದ ನಮಗೂ ಸ್ವಲ್ಪ ಹಾಗೆಯೇ ಕಂಡಿತ್ತು. ಆದ್ದರಿಂದ ಮೊದಲು ಅವರ ವಿಷಯ.

ಅವರು ಧಾರವಾಡದವರು. ಕುಡಿತ ಬಿಡಿಸುವ ಕೇಂದ್ರವೊಂದರಲ್ಲಿ ಕೆಲವು ತಿಂಗಳಿದ್ದು, ಚಿಕಿತ್ಸೆ ಮುಗಿಸಿ ಬಂದವರು. ನನಗೆ ಅವರ ಪರಿಚಯವಾದದ್ದು ಅದಾದ ಮೇಲೆಯೇ. ಕುಡಿಯುತ್ತಿದ್ದ ಮನುಷ್ಯನನ್ನು ನಾನು ನೋಡಿಲ್ಲ. ಅವನ ಬಗ್ಗೆ ಏನನ್ನೂ ಬರೆಯಲಾರೆ. ನಾನು ಕೆಲಸಕ್ಕೆ ಸೇರಿದ ದಿನ ಕ್ಯಾಂಟೀನಿನಲ್ಲಿ ಎದುರು ಬಂದು ಕೂತು ಅವರೇ ಪರಿಚಯ ಮಾಡಿಕೊಂಡರು.

“ನಾ ಕುಡುಕ. ಸದ್ಯಕ್ಕ ಕುಡಿಯಾಂಗಿಲ್ಲ. ನೀ ಮೈಸೂರಾವ, ಹೌದಲ್ಲೋ?”

ಎರಡೂ ಒಂದೇ ತೂಕದ ದೋಷಗಳು ಎಂಬಂತೆ ಕೇಳಿದರು. ಹೌದು ಎಂದೆ. “ಇರ್ಲಿ ಬಿಡು, ಯಾರಿಗಿಲ್ಲ ತ್ರಾಸು,” ಎಂದು ಸಮಾಧಾನ ಹೇಳಿದರು. ನಾನು ಇರಲು ಮನೆ ಹುಡುಕುತ್ತಿದ್ದೆ. ತಾವಿದ್ದ ಕಟ್ಟಡದಲ್ಲೇ ಒಂದು ಕೋಣೆ ಕೊಡಿಸಿದರು. ಹೀಗೆ ಆಫೀಸಿನಲ್ಲೂ ಮನೆಯಲ್ಲೂ ಅವರ ಕಣ್ಣಳತೆಯಲ್ಲೇ ಇದ್ದೆ. ಅವರು ನನ್ನ ಕಣ್ಣಳತೆಯಲ್ಲಿದ್ದರು ಎನ್ನುವುದು ಹೆಚ್ಚು ಸರಿ.

ನಮ್ಮದು ಸಾಫ್ಟ್‌ವೇರ್ ಪರೀಕ್ಷೆ ಮಾಡುವ ವಿಭಾಗ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. ಹೊಸಬರೆಲ್ಲ ಹೊಸ ತಪ್ಪು ಹುಡುಕುತ್ತಿದ್ದರೆ ಇವರು ಹಳೆಯ, ರಿಪೇರಿಯಾದ ಜಾಗಗಳನ್ನೇ ಮತ್ತೆ ಮತ್ತೆ ತಟ್ಟಿ ನೋಡುತ್ತಿದ್ದರು. “ಒಂದ್ಸಲ ರಿಪೇರಿ ಆದ ಜಾಗಾನ ಮತ್ತ ಕೆಡತದ. ಅಲ್ಲೆ ಯಾರೂ ನೋಡಾಂಗಿಲ್ಲ, ಸರಿ ಆಗೇದ ಅಂತ ಬಿಟ್ಟಬಿಡ್ತಾರ,” ಎನ್ನುತ್ತಿದ್ದರು. ಅವರು ತಮ್ಮನ್ನೂ ಹಾಗೆಯೇ ತಟ್ಟಿ ನೋಡಿಕೊಳ್ಳುತ್ತಾರೆ ಎಂಬುದು ನನಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಆಫೀಸಿಗೆಲ್ಲ ತಿಳಿದಿತ್ತು, ಎಲ್ಲರಿಗೂ ಅದೊಂದು ತಮಾಷೆಯಾಗಿತ್ತು.

ಉದಾಹರಣೆಗೆ ಅವರ ಲೋಟ. ಆಫೀಸಿನ ಯಾವುದೇ ಪಾರ್ಟಿಯಲ್ಲಿ ಮೊದಲು ಒಳಗೆ ಹೋಗುತ್ತಿದ್ದವರು ಅವರೇ. ಹೋದವರೇ ಮಾವಿನಕಾಯಿ ಪಾನಕದ ಒಂದು ಲೋಟ ಹಿಡಿಯುತ್ತಿದ್ದರು. ಕೈಯಲ್ಲಿ ತುಂಬಿದ ಲೋಟ ಇದ್ದವನಿಗೆ ಯಾರೂ ಇನ್ನೊಂದು ಕೊಡಲು ಬರುವುದಿಲ್ಲ ಎಂಬುದು ಲೆಕ್ಕಾಚಾರ. ಆ ಲೋಟವನ್ನು ಒಮ್ಮೆ ಕೆಳಗಿಟ್ಟರೆ ಮುಗಿಯಿತು, ಮತ್ತೆ ಮುಟ್ಟುತ್ತಿರಲಿಲ್ಲ, ಹೊಸದನ್ನೇ ತರುತ್ತಿದ್ದರು. “ನಾ ಆಕಡೆ ನೋಡಿದಾಗ ಅದು ಏನೇನ್ ಆಗೇದೋ ಯಾರಿಗ್ಗೊತ್ತು?” ಪಾರ್ಟಿ ಮುಗಿಯುವ ಹೊತ್ತಿಗೆ ಅವರು ದಾಟಿಹೋದ ದಾರಿಯುದ್ದಕ್ಕೂ ಅರ್ಧ ಕುಡಿದ ಪಾನಕದ ಲೋಟಗಳು ಸಾಲಾಗಿ ನಿಂತಿರುತ್ತಿದ್ದವು. ಅವರನ್ನು ಹುಡುಕುವುದಕ್ಕೆ ಅದೇ ಸುಲಭದ ದಾರಿ.

ಇನ್ನು ಕ್ರಿಸ್ಮಸ್. ಕೊಲ್ಕತ್ತಾದಲ್ಲಿ ಆ ವಾರ ಕೇಕ್ ತಿನ್ನದೆ ಯಾರೂ ತಪ್ಪಿಸಿಕೊಳ್ಳಲಾರರು. ಇವರು ಪ್ರತಿ ತುಂಡನ್ನೂ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಕಸ್ಟಮ್ಸ್ ಅಧಿಕಾರಿಯ ಗಾಂಭೀರ್ಯದಿಂದ ಮೂಸುತ್ತಿದ್ದರು. “ಇದರಾಗ ರಮ್ ಅದ,” ಎಂದು ತೀರ್ಪು ಕೊಟ್ಟು ಪಕ್ಕಕ್ಕಿಡುತ್ತಿದ್ದರು. ಆ ತುಂಡಿಗಾಗಿ ಕಾಯುವ ಹುಡುಗರ ಗುಂಪೊಂದು ಯಾವಾಗಲೂ ಅವರ ಬೆನ್ನ ಹಿಂದೆ ಇರುತ್ತಿತ್ತು. ಅವರ ಮೂಗು ಒಮ್ಮೆಯೂ ತಪ್ಪಿದ್ದಿಲ್ಲ.

ಸೆಕ್ಟರ್ ಫೈವ್‌ನಿಂದ ಮನೆಗೆ ಬರುವ ನೇರ ದಾರಿಯಲ್ಲಿ ಅವರ ಹಳೆಯ ಅಡ್ಡಾ ಒಂದಿತ್ತು. ಅದನ್ನು ತಪ್ಪಿಸಲು ಅವರು ಎರಡು ಬಸ್ಸು, ಒಂದು ಆಟೋ ಹಿಡಿದು ನಗರದ ಅರ್ಧ ಭಾಗ ಸುತ್ತಿ ಬರುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಬಸ್ಸಿನ ಬಾಗಿಲಿನಲ್ಲಿ ಜನ ಜೋತಾಡುತ್ತಿದ್ದರೂ ಕಂಡಕ್ಟರ್ “ಖಾಲಿ ಗಾಡಿ, ಖಾಲಿ ಗಾಡಿ!” ಎಂದು ಕೂಗುತ್ತಿದ್ದ. ಅವರು ನನ್ನ ಪಕ್ಕೆಗೆ ತಿವಿದರು.

“ನೋಡು, ಕುಡೀಬೇಕು ಅಂತ ಅನಸೋದು ಹಿಂಗ ಇರತದ. ಇಂವ ಒದರಿದಂಗ ಒದರತದ. ‘ಬರ್ರಿ, ಜಾಗಾ ಭಾಳ ಅದ, ಆರಾಮ ಕೂಡ್ರಿ.’ ಹತ್ತಿದ ಮ್ಯಾಲೆ ಗೊತ್ತಾಗತದ.”

“ಹತ್ತದೆ ಇದ್ದರೆ?”

“ಸ್ವಲ್ಪ ಹೊತ್ತು ಬೈತದ. ಆಮ್ಯಾಲೆ ಹೋಗ್ತದ. ಅದಕ್ಕೇನು ಮುಂದಿನ ಸ್ಟಾಪ್ ಇಲ್ಲೇನು?”

ಹಸಿವಾದರೆ ಅವರಿಗೆ ಭಯ. ಹಸಿವು, ಸಿಟ್ಟು, ಒಂಟಿತನ, ದಣಿವು ಇವು ನಾಲ್ಕೂ ಸೇರಿ ಬರುವ ದಿನವೇ ಕಾಲು ಜಾರುವುದು ಎಂದು ಕೇಂದ್ರದಲ್ಲಿ ಕಲಿಸಿದ್ದರಂತೆ. ಉಳಿದ ಮೂರನ್ನು ತಡೆಯುವುದು ತನ್ನ ಕೈಯಲ್ಲಿಲ್ಲ, ಮೊದಲನೆಯದು ಇದೆ ಎಂದು ಚೀಲದಲ್ಲಿ ಯಾವಾಗಲೂ ಮಂಡಕ್ಕಿಯ ಪೊಟ್ಟಣ ಇರುತ್ತಿತ್ತು. ಯಾವ ಮೀಟಿಂಗಿನಲ್ಲಾದರೂ ಮ್ಯಾನೇಜರ್ ಧ್ವನಿ ಏರಿಸಿದರೆ ಸಾಕು, ಮೇಜಿನ ಇನ್ನೊಂದು ತುದಿಯಿಂದ ಕುರುಕುರು ಸದ್ದು ಕೇಳಿಸುತ್ತಿತ್ತು. “ಸಿಟ್ಟು ಬಂತು, ಹಸಿವ್ಯಾದ್ರೂ ಇರಬಾರದಲ್ಲ,” ಎನ್ನುತ್ತಿದ್ದರು.

ಸಂಜೆಯಾದರೆ ನನಗೆ ಫೋನ್. ಒಂದೇ ಮನೆಯ ಮೇಲೆ ಕೆಳಗೆ ಇದ್ದರೂ ಫೋನ್. “ಏನ್ ಪಲ್ಯಾ ಮಾಡಿ?” ಎಂದು ಕೇಳುವರು. ಬದನೆಕಾಯಿ ಎಂದರೆ ಬದನೆಕಾಯಿಯನ್ನು ಮೈಸೂರಿನವರು ಹೇಗೆ ಹಾಳು ಮಾಡುತ್ತಾರೆ ಎಂಬುದನ್ನು ವಿವರವಾಗಿ ಹೇಳುವರು. ನಡುವೆ ಸುಮ್ಮನಾಗುವರು. ಉಸಿರು ಮಾತ್ರ ಕೇಳಿಸುತ್ತಿತ್ತು. ಆಮೇಲೆ “ಆತು, ಹೋತು ನೋಡು, ಇಡ್ತೀನಿ,” ಎಂದು ಇಟ್ಟುಬಿಡುವರು. ಏನು ಹೋಯಿತು ಎಂದು ನಾನು ಬಹಳ ಕಾಲ ಕೇಳಿರಲಿಲ್ಲ. ಬಸ್ಸಿನ ಮಾತು ಕೇಳಿದ ಮೇಲೆ ಕೇಳುವ ಅಗತ್ಯ ಉಳಿಯಲಿಲ್ಲ.

ಬಾಗಿಲಿನ ಶಾಸ್ತ್ರವೂ ಒಂದಿತ್ತು. ಮನೆಗೆ ಬಂದ ಕೂಡಲೆ ಇವರು ಹೊಸ್ತಿಲಾಚೆ ನಿಂತು ಬಾಯಿ ಅಗಲಿಸಿ ಗಿರಿಜಕ್ಕನ ಮುಖಕ್ಕೆ “ಹಾ” ಎಂದು ಉಸಿರು ಬಿಡಬೇಕು. ಆಕೆ ಒಪ್ಪಿದರೆ ಒಳಗೆ. ಬಿಟ್ಟ ಹೊಸತರಲ್ಲಿ ಅದು ಪರೀಕ್ಷೆಯಾಗಿತ್ತಂತೆ. ನಾನು ನೋಡುವ ಹೊತ್ತಿಗೆ ಅದು ಆಟವಾಗಿತ್ತು. “ಉಳ್ಳಾಗಡ್ಡಿ ಭಜಿ. ಹೊರಗ ತಿಂದ ಬಂದೀರಿ,” ಎಂದು ಗಿರಿಜಕ್ಕ ಮೂಗು ಮುಚ್ಚಿಕೊಳ್ಳುವರು. “ಒಂದss ಪ್ಲೇಟು,” ಎಂದು ಇವರು ತಪ್ಪೊಪ್ಪಿಕೊಳ್ಳುವರು.

ಬಿಟ್ಟು ಎಷ್ಟು ದಿನವಾಯಿತು ಎಂದು ಯಾರಾದರೂ ಕೇಳಿದರೆ ಹೇಳುತ್ತಿರಲಿಲ್ಲ. “ಇವತ್ತಿಂದು ನಡದದ. ಸಂಜಿಕ್ಕ ಕೇಳು.”

ಇಷ್ಟು ಎಚ್ಚರದ ಮನುಷ್ಯನಿಗೆ ಅಪಾಯ ಬಂದದ್ದು ಹೋಮಿಯೋಪಥಿಯ ಕಡೆಯಿಂದ.

ನಮ್ಮ ಮನೆಯೊಡತಿ ಶ್ಯಾಮಲಿ ಮಾಶಿಮಾ, ಎಂದರೆ ಚಿಕ್ಕಮ್ಮ. ಅವರ ಮೈದುನ ನಿಮಾಯ್ ಬಾಬು ರೈಲ್ವೆಯಿಂದ ನಿವೃತ್ತರಾಗಿ, ಒಂದು ಮರದ ಪೆಟ್ಟಿಗೆ ತುಂಬ ಪುಟ್ಟ ಸೀಸೆಗಳನ್ನಿಟ್ಟುಕೊಂಡು ಇಡೀ ಓಣಿಗೆ ಔಷಧ ಕೊಡುತ್ತಿದ್ದರು. ಬಂಗಾಳದಲ್ಲಿ ಪ್ರತಿ ಓಣಿಯಲ್ಲೂ ಇಂಥವರೊಬ್ಬರು ಇರುತ್ತಾರೆ. ನಿಮಾಯ್ ಬಾಬು ಅವರ ದೃಷ್ಟಿಯಲ್ಲಿ ಲೋಕದ ಎಲ್ಲರಿಗೂ ಕಾಯಿಲೆ. ಕೆಲವರು ಒಪ್ಪಿಕೊಂಡಿದ್ದಾರೆ, ಕೆಲವರು ಇನ್ನೂ ಇಲ್ಲ. ಆ ಔಷಧಗಳನ್ನು ಸ್ಪಿರಿಟ್ಟಿನಲ್ಲಿ, ಎಂದರೆ ಮದ್ಯಸಾರದಲ್ಲಿ, ಮಾಡುತ್ತಾರೆ ಎಂಬುದು ನಮ್ಮವರಿಗೆ ಗೊತ್ತಿತ್ತು. ಆದ್ದರಿಂದ ಹನಿ ಬೇಡ, ಸಕ್ಕರೆ ಗುಳಿಗೆ ಮಾತ್ರ ಎಂದು ಕರಾರು ಮಾಡಿಕೊಂಡಿದ್ದರು. ಆ ಗುಳಿಗೆಗಳನ್ನೂ ನೇರ ನುಂಗುತ್ತಿರಲಿಲ್ಲ. ಬಸಿಯಲ್ಲಿ ಹರಡಿ ಬಾಲ್ಕನಿಯ ಬಿಸಿಲಿಗೆ ಇಡುತ್ತಿದ್ದರು, ವಾಸನೆ ಪೂರ್ತಿ ಹೋಗಲಿ ಎಂದು. ಪಾರಿವಾಳಗಳು ಬಂದು ಅರ್ಧ ತಿಂದುಹೋಗುತ್ತಿದ್ದವು. “ಆ ಪಾರಿವಾಳಕ್ಕ ಈ ಜನ್ಮದಾಗ ನೆಗಡಿ ಬರಾಂಗಿಲ್ಲ ಬಿಡು,” ಎನ್ನುತ್ತಿದ್ದರು. ನಿಮಾಯ್ ಬಾಬು ಇದನ್ನು ಒಮ್ಮೆ ಕಂಡು ವಾರವಿಡೀ ಮಾತು ಬಿಟ್ಟಿದ್ದರು. ಹಾಗೆ ಮಾಡಿದರೆ ಔಷಧದ ಶಕ್ತಿಯೇ ಹಾರಿಹೋಗುತ್ತದೆ ಎಂಬುದು ಅವರ ನೋವು. ಹಾರಿಹೋಗಲಿ ಎಂಬುದೇ ಇವರ ಆಸೆ.

ಆ ವರ್ಷ ದುರ್ಗಾಪೂಜೆಯ ಹೊಗೆಗೆ ಇವರಿಗೆ ಕೆಮ್ಮು ಹಿಡಿಯಿತು. ಗುಳಿಗೆಗೆ ಬಗ್ಗಲಿಲ್ಲ. ಗಿರಿಜಕ್ಕ ಹುಬ್ಬಳ್ಳಿಗೆ ತಂಗಿಯ ಮನೆಗೆ ಹೋಗಿದ್ದರು. ದಶಮಿ ಕಳೆದ ಮೇಲೆ ಬಂಧುಗಳು, ನೆರೆಯವರು ಮನೆಮನೆಗೆ ಹೋಗಿ ಹಿರಿಯರ ಕಾಲಿಗೆ ನಮಸ್ಕರಿಸಿ ಸಿಹಿ ತಿನ್ನುವುದು ಇಲ್ಲಿಯ ಪದ್ಧತಿ; ಬಿಜೋಯಾ ಎಂದರೆ ಅದೇ. ಹಾಗೆ ನಾವು ಕೆಳಗಿನ ಹಜಾರದಲ್ಲಿ ಸೇರಿದ್ದೆವು. ಮಾಶಿಮಾ, ಅವರ ಗಂಡ, ನಿಮಾಯ್ ಬಾಬು, ಇವರು, ನಾನು. ಆ ಕ್ಷಣಕ್ಕೆ ಅಲ್ಲಿದ್ದವರು ಇಷ್ಟೇ ಜನ.

ಅವರು ಧಾರವಾಡದ ಫೇಡೆ ಹೆಚ್ಚೋ ಬಂಗಾಳದ ಸಂದೇಶ್ ಹೆಚ್ಚೋ ಎಂದು ಮಾಶಿಮಾ ಜೊತೆ ವಾದಕ್ಕಿಳಿದಿದ್ದರು. ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು, ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ನಿಮಾಯ್ ಬಾಬು ಇವರ ಮುಂದೆ ಬಗ್ಗಿ ನಿಂತಿದ್ದರು. ಎಡಗೈಯಲ್ಲಿ ಮುಚ್ಚಳ ತೆಗೆದ ಸೀಸೆ, ಬಲಗೈಯಲ್ಲಿ ಹನಿ ಹಾಕುವ ಗಾಜಿನ ನಳಿಗೆ. “ಹಾಂ ಕೊರೋ,” ಬಾಯಿ ತೆಗಿ, ಎಂದರು. ಹೇಳುವುದೂ ಹಾಕುವುದೂ ಒಟ್ಟಿಗೇ ಆಯಿತು. ಎಷ್ಟು ಹನಿ ಬಿತ್ತು ಎಂದು ನಾನು ಹೇಳಲಾರೆ.

ನಗು ಅಲ್ಲೇ ನಿಂತಿತು. ಅವರ ಬಾಯಿ ಮುಚ್ಚಲಿಲ್ಲ. ಇದನ್ನು ನಾನು ಖಚಿತವಾಗಿ ಕಂಡೆ. ನಾಲಗೆ ಹೊರಗೆ ಬಂತು, ತಲೆ ಮುಂದಕ್ಕೆ ಬಂತು, ಉಗುಳಿದರು. ಎದುರಿಗೆ ಇದ್ದದ್ದು ನಿಮಾಯ್ ಬಾಬು ಅವರ ಗಂಜಿ ಹಾಕಿದ ಹೊಸ ಧೋತಿ. ಏಳುವ ರಭಸಕ್ಕೆ ಇವರ ಮೊಣಕೈ ಸೀಸೆಗೆ ತಗುಲಿ ಅದರಲ್ಲಿದ್ದದ್ದೆಲ್ಲ ಇವರ ಅಂಗಿಯ ಎದೆಗೆ ಸುರಿಯಿತು. ಮತ್ತೊಮ್ಮೆ ಉಗುಳಲು ಜಾಗ ಹುಡುಕಿದರು, ಬೆತ್ತದ ಕುರ್ಚಿ ಸುತ್ತಿ ಬಂದು ನನ್ನ ಕೈಯ ತಟ್ಟೆ ಕಿತ್ತುಕೊಂಡು ಉಂಡೆಗಳ ಮೇಲೆ ಉಗುಳಿದರು. ಮೇಜಿನ ಮೇಲಿದ್ದ ಹೂಜಿ ಎತ್ತಿ ಬಾಯಿ ಮುಕ್ಕಳಿಸಿ ನೆಲಕ್ಕೇ ಬಿಟ್ಟರು. ಅವರು ಬರಿಗಾಲಲ್ಲಿ ಹೊರಟರು.

ಅದೇ ಹೊತ್ತಿಗೆ ಸಿಹಿಯ ಡಬ್ಬಿ ಹಿಡಿದು ಬಾಗಿಲಿಗೆ ಬಂದವರು ಸಂತಾಪ ಸಭೆಯಲ್ಲಿ ಮಾತಾಡಿದ ಆ ಸಹೋದ್ಯೋಗಿ. ಒದ್ದೆ ಅಂಗಿ, ಸ್ಪಿರಿಟ್ಟಿನ ವಾಸನೆ, ಕೆಂಪು ಕಣ್ಣು, ಬರಿಗಾಲು, ಒಳಗೆ ಧೋತಿ ಹಿಡಿದು ನಿಂತ ಮುದುಕ. ಅವರು ಕಂಡಿದ್ದೆಲ್ಲ ನಿಜ. ಅವರು ಬಂದದ್ದು ಎಲ್ಲ ಆದ ಮೇಲೆ, ಅಷ್ಟೇ.

ನಾನು ಇವರ ಹಿಂದೆ ಓಡಿದೆ. ಅವಸರದಲ್ಲಿ ಇವರು ಎಂದೂ ತಿರುಗದ ಕಡೆಗೆ ತಿರುಗಿ, ಹೋಗಿ ನಿಂತದ್ದು ಒಂದು ವೈನ್ ಶಾಪಿನ ಎದುರಿಗೆ. ಅದು ತಿಳಿದದ್ದೇ ಬೆನ್ನು ಮಾಡಿ, ಟ್ಯೂಷನ್ ಕ್ಲಾಸಿನ ಜಾಹೀರಾತು ಅಂಟಿಸಿದ ಗೋಡೆಗೆ ಮುಖ ಹಾಕಿ ನಿಂತರು.

“ಏನರೆ ಮಾತಾಡೋ,” ಎಂದರು.

“ಏನು ಮಾತಾಡಲಿ ಸರ್?”

“ಏನರೆ. ನಿಲ್ಲಸಬ್ಯಾಡ.”

ನನಗೆ ಹೊಳೆದದ್ದು ಆಫೀಸಿನ ಹೊಸ ರಜಾ ನಿಯಮ. ಉಳಿದ ರಜೆ ಮುಂದಿನ ವರ್ಷಕ್ಕೆ ಹೇಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದೆಲ್ಲ ವಿವರಿಸಿದೆ. ಜನ ನಮ್ಮನ್ನು ದಾಟಿ ಹೋಗುತ್ತಿದ್ದರು. ಸೀರೆ ಕೊಂಡು ಬಂದ ಹೆಂಗಸರು ಮೂಗು ಮುಚ್ಚಿಕೊಂಡರು. ನಾನು ವೈದ್ಯಕೀಯ ರಜೆಯವರೆಗೆ ಬಂದಾಗ ಅವರು ಗೋಡೆಯಿಂದ ಮುಖ ತೆಗೆದರು.

“ಬ್ಯಾಸರಾ ತರಸೋದ್ರಾಗ ನಿನ್ನ ಮೀರಸೋರು ಯಾರಿಲ್ಲಪಾ,” ಎಂದರು. ಆಮೇಲೆ ಮೆಲ್ಲಗೆ, “ನಾಲಗಿಗೆ ಗುರ್ತ ಸಿಕ್ತು ನೋಡು. ಹಳೇ ದೋಸ್ತ ಬಂದಂಗ ಎದ್ದ ನಿಂತಿತು.” ಫೋನ್ ತೆಗೆದು ಮೊದಲು ಮಾಡಿದ್ದು ಹುಬ್ಬಳ್ಳಿಗೆ.

“ಗಿರಿಜಾ, ನಿಮಾಯ್ ಬಾಬು ಔಷಧ ಬಾಯಾಗ ಹಾಕಿದ್ರು. ಅದರಾಗ ಸ್ಪಿರಿಟ್ ಇತ್ತು. ನಾ ಉಗುಳೇನಿ. ಎಲ್ಲಾ ಉಗುಳೇನಿ.”

ಎರಡನೆಯ ಫೋನ್ ಬಾಪಿಗೆ. ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ಕೂಟದಲ್ಲಿ ಇವರ ಜೊತೆಗಾರ, ಸ್ಕೂಟರ್ ಮೆಕ್ಯಾನಿಕ್. ಅವನು ಬಂದವನೇ ಒಂದೇ ಪ್ರಶ್ನೆ ಕೇಳಿದ: “ದಾದಾ, ಯಾರಿಗೆ ಹೇಳಿದಿರಿ?” ಹೆಂಡತಿಗೆ, ನಿನಗೆ, ಇವನು ಹೇಗೂ ನೋಡಿದ್ದಾನೆ ಎಂದರು. “ಹಾಗಾದರೆ ಆಯಿತು. ಮುಚ್ಚಿಟ್ಟಿದ್ದರೆ ಅದು ಕುಡಿದ ಹಾಗೆ. ಹತ್ತಿ, ಕೂಟಕ್ಕೆ ಹೋಗೋಣ,” ಎಂದು ತನ್ನ ಜಾಕೆಟ್ಟನ್ನು ಅವರ ಒದ್ದೆ ಅಂಗಿಯ ಮೇಲೆ ಹಾಕಿ ಕರೆದೊಯ್ದ.

ಮರುದಿನ ಹೊಸ ಧೋತಿ ಕೊಂಡು ಕ್ಷಮೆ ಕೇಳಲು ಕೆಳಗೆ ಹೋದರು. ನಾನೂ ಹೋಗಿದ್ದೆ. ನಿಮಾಯ್ ಬಾಬು ಧೋತಿಯನ್ನು ಮುಟ್ಟಲಿಲ್ಲ. ಇವರ ಎದೆಯನ್ನೇ ನೋಡುತ್ತಿದ್ದರು.

“ಕೆಮ್ಮು?”

“ಇಲ್ಲ.”

“ರಾತ್ರಿ?”

“ಇಲ್ಲ.”

“ತಾಹೋಲೇ!” ಹಾಗಾದರೆ ಮತ್ತೆ, ಎಂದು ಮುದುಕ ತೊಡೆ ತಟ್ಟಿದರು. “ಒಂದು ಹನಿ ಒಳಗೆ ಹೋಗಿದೆ.”

“ಹೋಗಿಲ್ಲ, ಬಾಬು.”

“ಹೋಗದೆ ಕೆಮ್ಮು ಹೇಗೆ ಹೋಯಿತು?”

ಅಂದಿನಿಂದ ಇದು ನಿಮಾಯ್ ಬಾಬು ಅವರ ಜೀವಮಾನದ ಸಾಧನೆಯಾಯಿತು. ಯಾವ ರೋಗಿ ಬಂದರೂ ಹೇಳುವರು: ಸೀಸೆಯೆಲ್ಲ ಅವನ ಅಂಗಿಗೆ, ಉಗುಳಿದ್ದೆಲ್ಲ ನನ್ನ ಧೋತಿಗೆ, ಒಳಗೆ ಹೋದದ್ದು ಒಂದೇ ಹನಿ, ಒಂದೇ ಹನಿಗೆ ಕೆಮ್ಮು ಮಾಯ. ಇವರು ಯಾವ ವಾದದಲ್ಲೂ ಸೋತುಕೊಡುವ ಮನುಷ್ಯ. ಸಂದೇಶ್ ವಿಷಯದಲ್ಲೂ ಕೊನೆಗೆ ಸೋತರು. ಆದರೆ ಈ ಕತೆ ಕಿವಿಗೆ ಬಿದ್ದರೆ ಮೆಟ್ಟಿಲಿಳಿದು ಬಂದು “ಒಂದು ಹನಿಯೂ ಇಲ್ಲ,” ಎಂದು ರೋಗಿಗಳ ಮುಂದೆಯೇ ಜಗಳ ತೆಗೆಯುತ್ತಿದ್ದರು. ನಾನು ಒಮ್ಮೆ ಕೆಣಕಿದೆ: “ಹೋಗಿದ್ದರೇನು ಸರ್? ನೀವೇನು ಬೇಕೆಂದು ಕುಡಿದಿರಾ?”

“ಹನಿ ಪ್ರಶ್ನಿ ಅಲ್ಲೋ. ಗಿರಿಜಾಗ ಎಲ್ಲಾ ಉಗುಳೇನಿ ಅಂತ ಹೇಳೇನಿ,” ಎಂದರು.

ಸಂತಾಪ ಸಭೆಯಿಂದ ಮನೆಗೆ ಬಂದ ಮೇಲೆ ಗಿರಿಜಕ್ಕ ನನ್ನನ್ನು ಕರೆದು ಕೂರಿಸಿದರು.

“ಕುಡಿಯೋ ದಿನದಾಗ ದಿನಾ ಸುಳ್ಳ ಹೇಳತಿದ್ರು ತಮ್ಮಾ. ಬಿಟ್ಟ ಮ್ಯಾಲೆ ಒಂದೂ ಹೇಳಿಲ್ಲ ಅಂತ ನಂಬೇನಿ. ಅವ್ರು ಹೋದ್ರು, ನನಗ ಉಳದದ್ದು ಅದೊಂದ. ಆ ಮನಿಷಾ ಸಭಾದಾಗ ಹಂಗಂದಾ, ಕೆಳಗಿನ ಮುದುಕ ಒಂದ ಹನಿ ಒಳಗ ಹೋಗೇದ ಅಂತ ಡಂಗರಾ ಹೊಡೀತಾನ. ನನಗ ಎಲ್ಲಾ ಉಗುಳೇನಿ ಅಂದಿದ್ರು. ಖರೇ ಏನು?”

ಬಾಯಿ ಮುಚ್ಚಲಿಲ್ಲ, ಉಗುಳಿದರು, ಎರಡು ಸಲ ಉಗುಳಿದರು, ಮುಕ್ಕಳಿಸಿದರು, ಇಷ್ಟು ನಾನು ಕಂಡೆ ಎಂದೆ. ಗಂಟಲೊಳಗೆ ನಡೆದದ್ದನ್ನು ನಾನು ಕಂಡಿಲ್ಲ ಎಂದೂ ಹೇಳಬೇಕಾಯಿತು.

“ನೀ ಮೈಸೂರಾವ. ಅರ್ಧಾ ಹೇಳಿ ನಿಲ್ಲಸ್ತಿ,” ಎಂದು ಗಿರಿಜಕ್ಕ ಎದ್ದು ನೇರ ಕೆಳಗೆ ಹೋದರು.

ನಿಮಾಯ್ ಬಾಬು ಕಿಟಕಿಯ ಹತ್ತಿರ ಕೂತಿದ್ದರು. ಮಾಶಿಮಾ ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದರು. ಇಬ್ಬರು ರೋಗಿಗಳೂ ಕಾಯುತ್ತಿದ್ದರು. ಗಿರಿಜಕ್ಕ ತಮ್ಮ ಧಾರವಾಡದ ಬಂಗಾಳಿಯಲ್ಲಿ ಜೋರಾಗಿ ಕೇಳಿದರು: ಆ ದಿನ ಒಳಗೆ ಹೋಯಿತೋ ಇಲ್ಲವೋ? ಯಾಕೆ ಕೇಳುತ್ತಿದ್ದೇನೆ ಎಂದೂ ಹೇಳಿದರು, ಆಫೀಸಿನಲ್ಲಿ ಹೀಗೆ ಅಂದರು ಎಂದರು.

ಮುದುಕ ಔಷಧದ ಪೆಟ್ಟಿಗೆಯನ್ನು ನೋಡಿದರು, ಕಾಯುತ್ತಿದ್ದ ರೋಗಿಗಳನ್ನು ನೋಡಿದರು.

“ಇಲ್ಲ, ಬೌಮಾ,” ಎಂದರು. ಸೊಸೆಯನ್ನು ಕರೆಯುವ ಮಾತು ಅದು. “ಒಂದು ಹನಿಯೂ ಹೋಗಿಲ್ಲ. ನಾನು ಬಾಯಿಯ ಎದುರಿಗೇ ಇದ್ದೆನಲ್ಲ. ಎಲ್ಲ ನನ್ನ ಧೋತಿಯ ಮೇಲೆ ಬಂತು.”

“ಮತ್ತ ಕೆಮ್ಮು ಹೆಂಗ ಹೋತು?”

“ಕೆಮ್ಮು ತಾನಾಗಿಯೇ ಹೋಗುತ್ತದೆ, ಬೌಮಾ. ಬಹಳ ಸಲ ಹಾಗೆಯೇ ಹೋಗುವುದು.”

ಬಟಾಣಿ ಸುಲಿಯುತ್ತಿದ್ದ ಮಾಶಿಮಾರ ಕೈ ನಿಂತಿತು. ಮೈದುನನ ಬಾಯಿಂದ ಅಂಥ ಮಾತನ್ನು ಅವರು ಎಂದೂ ಕೇಳಿರಲಿಲ್ಲ. ಗಿರಿಜಕ್ಕ ಅಲ್ಲೇ ನೆಲದ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಮೂಗು ಒರೆಸಿಕೊಂಡು ಕನ್ನಡದಲ್ಲೇ, “ಮುದುಕಾ, ಇದನ್ನ ಅವ್ರಿದ್ದಾಗ ಹೇಳಿದ್ರ ನಿನ್ನ ಗಂಟೇನ್ ಹೋಗತಿತ್ತು?” ಎಂದರು. ನಿಮಾಯ್ ಬಾಬು ಅರ್ಥವಾದವರಂತೆ ತಲೆಯಾಡಿಸಿದರು.

ಆ ಸಂಜೆ ಹಜಾರದಲ್ಲಿ ಕಂಡವರ ಪೈಕಿ ಮಾಶಿಮಾರ ಗಂಡ ಈಗಿಲ್ಲ. ಉಳಿದಂತೆ ಕಂಡು ಬದುಕಿರುವವರು ಇವರು: ನಾನು, ಆ ಧೋತಿಯನ್ನು ಒಗೆದ ಶ್ಯಾಮಲಿ ಮಾಶಿಮಾ, ಮತ್ತು ಎಲ್ಲರಿಗಿಂತ ಹತ್ತಿರ ನಿಂತಿದ್ದ ನಿಮಾಯ್ ಬಾಬು. ಅವರಿಗೆ ಎಂಬತ್ತು ದಾಟಿದೆ. ಬೆಳಗಿನ ಹೊತ್ತು ಮನೆಯಲ್ಲೇ ಇರುತ್ತಾರೆ. ಯಾರು ಬೇಕಾದರೂ ಹೋಗಿ ಕೇಳಬಹುದು. ಎಡಗಿವಿಯ ಕಡೆ ಕೂತು ಕೇಳಬೇಕು, ಬಲಗಿವಿ ಮಂದ.